ಮೇಲುಕೋಟೆಯ ಮೆಟ್ಟಿಲೂ ಮಂಡಿಯ ಮೃದ್ವಸ್ಥಿಯೂ

ಮೇಲುಕೋಟೆಯ ಯೋಗನರಸಿಂಹಸ್ವಾಮಿಯ ಬೆಟ್ಟವನ್ನು ಹತ್ತಿ ಇಳಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಕಲ್ಯಾಣಿಯ ದಂಡೆಯಲ್ಲಿ ನಿಂತು ನೋಡಿದರೆ ಗುಡಿ ಕೈಗೆಟಕುವಂತೆ ತೋರುತ್ತದೆ. ಮೆಟ್ಟಿಲುಗಳು ಮುನ್ನೂರರ ಆಸುಪಾಸು. ಅರ್ಧ ಮುಗಿಯುವಷ್ಟರಲ್ಲಿ ಏದುಸಿರು ಬರುತ್ತದೆ. ನಿಂತು ದಣಿವಾರಿಸಿಕೊಂಡು, ನಿಂಬೆಯ ಪಾನಕ ಕುಡಿದು, ಮತ್ತೆ ಏರುತ್ತೇವೆ. ಆದರೆ ಮಂಡಿನೋವು ಉಳ್ಳವರನ್ನು ಕೇಳಿ ನೋಡಿ: ಏರುವುದು ಹೇಗೋ ಆಗುತ್ತದೆ, ಇಳಿಯುವುದೇ ಪ್ರಾಣಸಂಕಟ ಎನ್ನುತ್ತಾರೆ. ಏರುವಾಗ ದಣಿಯುವುದು ಎದೆ, ಇಳಿಯುವಾಗ ದಣಿಯುವುದು ಮಂಡಿ.

ಇದು ಬರಿಯ ಅನುಭವದ ಮಾತಲ್ಲ, ಅಳತೆಯಿಂದ ಸಿದ್ಧವಾದ ಮಾತು. ಜರ್ಮನಿಯ ಬರ್ಲಿನ್ ನಗರದ ಶರೀಟೆ ಆಸ್ಪತ್ರೆಯ ಸಂಶೋಧಕರು ಕೃತಕ ಮಂಡಿಯ ಒಳಗೇ ಭಾರವನ್ನು ಅಳೆಯುವ ಸೂಕ್ಷ್ಮ ಉಪಕರಣವನ್ನು ಅಳವಡಿಸಿ, ಐವರು ರೋಗಿಗಳ ನಡಿಗೆಯನ್ನು ಪರಿಶೀಲಿಸಿ, 2010ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಸಮತಟ್ಟಾದ ನೆಲದ ಮೇಲೆ ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ದೇಹದ ತೂಕದ ಶೇಕಡಾ 261ರಷ್ಟು. ಮೆಟ್ಟಿಲು ಹತ್ತುವಾಗ ಶೇಕಡಾ 316. ಇಳಿಯುವಾಗ ಶೇಕಡಾ 346. ಅರುವತ್ತು ಕಿಲೋ ತೂಗುವ ಗೃಹಿಣಿಯೊಬ್ಬರು ಬೆಟ್ಟವಿಳಿಯುವಾಗ ಅವರ ಒಂದೊಂದು ಮಂಡಿಯೂ ಇನ್ನೂರು ಕಿಲೋಗೂ ಮಿಕ್ಕ ಭಾರವನ್ನು ನೂರೈವತ್ತು ಬಾರಿ ಹೊತ್ತಿರುತ್ತದೆಯೆಂದು ಇದರಿಂದ ಲೆಕ್ಕ ಹಾಕಬಹುದು.

ಈ ಲೇಖನಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇವೆ. ಮೂರು ವರ್ಷಗಳ ಹಿಂದೆ ಪಾಂಡವಪುರದಲ್ಲಿ ಬಂಧುಗಳ ಮನೆಯ ಮದುವೆಯನ್ನು ಮುಗಿಸಿಕೊಂಡು, ಹತ್ತಿರವೇ ಇದೆಯಲ್ಲ ಎಂದು ಮನೆಮಂದಿಯೆಲ್ಲ ಮೇಲುಕೋಟೆಗೆ ಹೋಗಿದ್ದೆವು. ಎಪ್ಪತ್ತು ದಾಟಿದ ನಮ್ಮ ತಾಯಿಯವರು ನಡುನಡುವೆ ಕುಳಿತು ಎದ್ದು ಮೇಲಕ್ಕೆ ಬಂದೇಬಿಟ್ಟರು. ನಲವತ್ತೈದರ ಆಸುಪಾಸಿನ ನಮ್ಮ ಅತ್ತಿಗೆಯವರು, ಶಾಲೆಯಲ್ಲಿ ಪಾಠ ಹೇಳುವವರು, ಹತ್ತುವಾಗ ಸುಮ್ಮನಿದ್ದವರು ಇಳಿಯುವಾಗ ಅಡ್ಡಡ್ಡಲಾಗಿ ತಿರುಗಿ, ಪಕ್ಕದ ಗೋಡೆಯನ್ನು ಹಿಡಿದು, ಒಂದೊಂದೇ ಮೆಟ್ಟಿಲನ್ನು ಎರಡೂ ಪಾದ ಜೋಡಿಸಿ ಇಳಿಯತೊಡಗಿದರು. ಅವರಿಗೆ ಮಂಡಿನೋವು ಒಂದು ವರ್ಷದಿಂದ ಇತ್ತು. ಊರಿನಲ್ಲಿ ಎಕ್ಸ್-ರೇ ತೆಗೆಸಿದ್ದೂ ಆಗಿತ್ತು. “ಮೂಳೆ ಚೆನ್ನಾಗಿದೆ, ಏನೂ ಇಲ್ಲ” ಎಂದು ಹೇಳಿ ಕಳುಹಿಸಿದ್ದರು.

“ಏನೂ ಇಲ್ಲ” ಎಂಬ ಈ ಎರಡು ಶಬ್ದಗಳು ಒಂದು ಸಂಸಾರದಲ್ಲಿ ಎಷ್ಟು ಕೆಲಸ ಮಾಡುತ್ತವೆಂಬುದನ್ನು ಓದುಗ ಬಂಧುಗಳು ಬಲ್ಲರು. “ನಾನು ಈ ವಯಸ್ಸಿನಲ್ಲಿ ಹತ್ತಿ ಇಳಿದೆ. ಎಕ್ಸ್-ರೇಯಲ್ಲೇ ಕಾಣದ ನೋವು ಅದೆಂಥ ನೋವವ್ವ?” ಎಂದು ತಾಯಿಯವರು ಅಂದರು. ಅವರು ಕಠೋರ ಸ್ವಭಾವದವರಲ್ಲ, ಆದರೂ ಅಂದರು. ನಾವೂ ಮನಸ್ಸಿನಲ್ಲಿ ಹಾಗೆಯೇ ಭಾವಿಸಿದ್ದೆವೆಂಬುದನ್ನು ಇಲ್ಲಿ ಮುಚ್ಚಿಡಲಾರೆವು. ಅತ್ತಿಗೆಯವರು ಏನೂ ಉತ್ತರ ಹೇಳಲಿಲ್ಲ. ಆ ವರ್ಷವೆಲ್ಲ ಅವರು ನೆಲದ ಮೇಲೆ ಕುಳಿತು ಇಷ್ಟಲಿಂಗ ಪೂಜೆ ಮಾಡುವುದನ್ನು ಬಿಟ್ಟು ಕುರ್ಚಿಯ ಮೇಲೆ ಕುಳಿತು ಮಾಡುತ್ತಿದ್ದರೆಂಬುದು ನಮ್ಮ ಗಮನಕ್ಕೆ ಬಂದದ್ದು ಆಮೇಲೆ.

ಅವರ ನೋವು ಎಕ್ಸ್-ರೇಯಲ್ಲಿ ಕಾಣದಿದ್ದುದೇಕೆ? ಇದನ್ನು ತಿಳಿಯಬೇಕಾದರೆ ಮಂಡಿಯ ರಚನೆಯನ್ನು ಸ್ವಲ್ಪ ತಿಳಿಯಬೇಕು. ತೊಡೆಯೆಲುಬಿನ ಕೆಳತುದಿ, ಕಣಕಾಲಿನ ದೊಡ್ಡ ಎಲುಬಿನ ಮೇಲ್ತುದಿ ಮತ್ತು ಮುಂದಿನ ಮಂಡಿಚಿಪ್ಪು ಇವು ಒಂದನ್ನೊಂದು ಸಂಧಿಸುವ ಕಡೆ, ಮೂಳೆಗೆ ಮೂಳೆ ನೇರವಾಗಿ ತಾಗುವುದಿಲ್ಲ. ಎರಡರ ತುದಿಗೂ ಎರಡರಿಂದ ನಾಲ್ಕು ಮಿಲಿಮೀಟರು ದಪ್ಪದ, ಎಳನೀರಿನ ಗಂಜಿಯಂತೆ ಬಿಳುಪಾಗಿ ನುಣುಪಾಗಿರುವ ಒಂದು ಹೊದಿಕೆಯಿರುತ್ತದೆ. ಇದೇ ಮೃದ್ವಸ್ಥಿ. ಮಂಡಿಚಿಪ್ಪಿನ ಹಿಂಬದಿಯಲ್ಲಿ ಇದು ಇನ್ನೂ ದಪ್ಪ. ವಿಚಿತ್ರವೆಂದರೆ ಇದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ನಡೆಯುವಾಗ ಒತ್ತಡ ಬಿದ್ದಾಗ ನೀರನ್ನು ಹೊರಕ್ಕೆ ಬಿಡುತ್ತದೆ, ಒತ್ತಡ ತೆಗೆದಾಗ ಕೀಲಿನ ದ್ರವವನ್ನು ಒಳಕ್ಕೆ ಹೀರುತ್ತದೆ. ಆಹಾರ ದೊರೆಯುವುದೇ ಹೀಗೆ. ಆದ್ದರಿಂದ ಮಿತವಾದ ನಡಿಗೆ ಮಂಡಿಗೆ ಶತ್ರುವಲ್ಲ, ಅದರ ಅನ್ನ. ರಕ್ತವಿಲ್ಲದ ಕಾರಣ ಗಾಯವಾದರೆ ತಾನಾಗಿ ಮಾಗುವ ಶಕ್ತಿ ಬಹಳ ಕಡಮೆ; ನರಗಳಿಲ್ಲದ ಕಾರಣ ಸವೆತದ ಮೊದಲ ಹಂತದಲ್ಲಿ ಅದು ಕೂಗಿ ಹೇಳುವುದೂ ಇಲ್ಲ. ನೋವು ತಿಳಿಯುವುದು ಅದರ ಕೆಳಗಿನ ಮೂಳೆ, ಸುತ್ತಲಿನ ಪೊರೆ, ಇವು ಬಾಧೆಗೊಳಗಾದಾಗ.

ಈ ಹೊದಿಕೆಯ ತೂಕದಲ್ಲಿ ಮುಕ್ಕಾಲು ಪಾಲಿನ ಆಸುಪಾಸು ನೀರೇ. ಬರಿಯ ನೀರು ಇನ್ನೂರು ಕಿಲೋ ಭಾರವನ್ನು ಹೇಗೆ ಹೊತ್ತೀತು? ಇಲ್ಲಿ ಪ್ರಕೃತಿಯ ಜಾಣ್ಮೆಯನ್ನು ನೋಡಬೇಕು. ಮೇಲುಕೋಟೆಯ ನೇಕಾರರ ಮಗ್ಗದಲ್ಲಿ ಹಾಸು ಹೊಕ್ಕಾಗಿ ನೂಲು ಹೆಣೆದುಕೊಳ್ಳುವಂತೆ ಕೊಲ್ಯಾಜೆನ್ ಎಂಬ ಗಟ್ಟಿ ಎಳೆಗಳು ಮೃದ್ವಸ್ಥಿಯಲ್ಲಿ ಬಲೆಯಾಗಿ ಹೆಣೆದುಕೊಂಡಿವೆ. ಆ ಬಲೆಯ ಒಳಗೆ ಪ್ರೋಟಿಯೋಗ್ಲೈಕಾನ್ ಎಂಬ ದೊಡ್ಡ ಅಣುಗಳು ತುಂಬಿಕೊಂಡಿವೆ. ಪಾನಕಕ್ಕೆ ಹಾಕಿದ ಕಾಮಕಸ್ತೂರಿ ಬೀಜ ನೀರು ಹೀರಿ ಊದಿಕೊಳ್ಳುವುದನ್ನು ಕಂಡಿದ್ದೇವಲ್ಲ. ಈ ಅಣುಗಳೂ ಹಾಗೆಯೇ ನೀರನ್ನು ಎಳೆದುಕೊಂಡು ಊದಲು ಹವಣಿಸುತ್ತವೆ. ಬಲೆ ಅವುಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಊದುವ ಒತ್ತಡ, ಬಿಗಿಯುವ ಬಲೆ, ಇವೆರಡರ ಜಗ್ಗಾಟವೇ ಮಂಡಿಯ ಬಲ.

ಕೊಲ್ಯಾಜೆನ್ ಎಂದೊಡನೆ ಕನ್ನಡಿಗರು ಸ್ಮರಿಸಬೇಕಾದ ಹೆಸರೊಂದಿದೆ. ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡಿರುವ ಅದರ ರಚನೆಯನ್ನು 1954ರಲ್ಲಿ ಗೋಪಿನಾಥ ಕರ್ತಾ ಅವರೊಡನೆ ಮದರಾಸಿನಲ್ಲಿ ಮೊದಲು ಸೂಚಿಸಿದವರು ಜಿ. ಎನ್. ರಾಮಚಂದ್ರನ್. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮುಂದೆ ಅಲ್ಲಿಗೇ ಮರಳಿ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಮಂಡಿಸವೆತವನ್ನು ವೈದ್ಯರು ಅಸ್ಥಿಸಂಧಿವಾತವೆನ್ನುತ್ತಾರೆ. ಇದು ಪ್ರಾರಂಭವಾದಾಗ ಮೊದಲು ಕಡಮೆಯಾಗುವುದು ಪ್ರೋಟಿಯೋಗ್ಲೈಕಾನು. ಜೊತೆಗೆ ಕೊಲ್ಯಾಜೆನ್ ಬಲೆ ಸಡಿಲವಾಗುತ್ತದೆ, ಸಡಿಲವಾದೆಡೆ ನೀರು ಅಂಕೆಯಿಲ್ಲದೆ ಸೇರುತ್ತದೆ. ಈ ಹಂತದಲ್ಲಿ ಹೊದಿಕೆಯ ದಪ್ಪ ಕುಗ್ಗಿರುವುದೇ ಇಲ್ಲ. ಒಳಗೆ ಗೆದ್ದಲು ಹಿಡಿದ ಕಂಬ ಹೊರಗಿನಿಂದ ಬಣ್ಣ ಬಳಿದು ನಿಂತಿರುವಂತೆ. ಎಕ್ಸ್-ರೇಯಾದರೋ ಮೃದ್ವಸ್ಥಿಯನ್ನು ತೋರಿಸುವುದೇ ಇಲ್ಲ. ಎರಡು ಮೂಳೆಗಳ ನಡುವಿನ ಖಾಲಿ ಜಾಗವನ್ನಷ್ಟೇ ತೋರಿಸುತ್ತದೆ. ಆ ಜಾಗ ಕಿರಿದಾದಾಗ ಸವೆತವಾಗಿದೆಯೆಂದು ಊಹಿಸುತ್ತಾರೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಸೊನ್ನೆಯಿಂದ ನಾಲ್ಕರವರೆಗೆ ಮಾಡಿದ ದರ್ಜೆಗಳನ್ನೇ ಇಂದಿಗೂ ಬಳಸುತ್ತಾರೆ. ಜಾಗ ಕಿರಿದಾಗುವಷ್ಟರಲ್ಲಿ ಹೊದಿಕೆಯ ಗಣನೀಯ ಭಾಗ ಹೋಗಿಯೇ ಇರುತ್ತದೆ.

ಇಲ್ಲಿ ನೆರವಿಗೆ ಬರುವುದು ಎಂ.ಆರ್.ಐ., ಎಂದರೆ ಕಾಂತೀಯ ಅನುರಣನ ಚಿತ್ರಣ. ಇದರಲ್ಲಿ ಎಕ್ಸ್-ಕಿರಣವಿಲ್ಲ. ನಮ್ಮ ದೇಹದ ನೀರಿನಲ್ಲಿರುವ ಜಲಜನಕದ ಬೀಜಕಣಗಳು ಪುಟ್ಟ ಅಯಸ್ಕಾಂತಗಳಿದ್ದಂತೆ. ಭೂಮಿಯ ಕಾಂತಬಲಕ್ಕಿಂತ ಹತ್ತಾರು ಸಾವಿರ ಪಟ್ಟು ಪ್ರಬಲವಾದ ಅಯಸ್ಕಾಂತದ ಸುರಂಗದಲ್ಲಿ ನಮ್ಮನ್ನು ಮಲಗಿಸಿದಾಗ ಅವು ಒಂದು ಕ್ರಮಕ್ಕೆ ಬರುತ್ತವೆ. ರೇಡಿಯೋ ತರಂಗವನ್ನು ಹಾಯಿಸಿದಾಗ ಕಲಕಿ, ನಿಲ್ಲಿಸಿದಾಗ ಮೊದಲಿನ ಸ್ಥಿತಿಗೆ ಮರಳುತ್ತವೆ. ಮರಳುವಾಗ ಸಣ್ಣ ಸಂಕೇತವನ್ನು ಹೊರಡಿಸುತ್ತವೆ. ಆ ಸಂಕೇತಗಳನ್ನು ಜೋಡಿಸಿ ಚಿತ್ರ ಬರೆಯುವ ಉಪಾಯವನ್ನು 1973ರಲ್ಲಿ ತೋರಿಸಿದ ಪಾಲ್ ಲಾಟರ್‌ಬರ್ ಅವರಿಗೂ, ಅದನ್ನು ಬೆಳೆಸಿದ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಈ ವಿದ್ಯೆಯ ಮೂಲವಾದ ಕಾಂತೀಯ ಅನುರಣನದ ಪ್ರಯೋಗ ಬೆಂಗಳೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಈ ಅನುರಣನವನ್ನು ಪರೀಕ್ಷಿಸಿ 1951ರಷ್ಟು ಹಿಂದೆಯೇ ಪ್ರಕಟಿಸಿದ್ದರು.

ಮಾಮೂಲಿ ಎಂ.ಆರ್.ಐ. ಮಂಡಿಯ ಹರಿದ ಮೆತ್ತೆ, ಕಡಿದ ಕಟ್ಟು, ಮೃದ್ವಸ್ಥಿಯಲ್ಲಿ ಬಿದ್ದ ಗುಳಿ, ಇವನ್ನೆಲ್ಲ ತೋರಿಸುತ್ತದೆ. ಆದರೆ ಗುಳಿ ಬೀಳುವ ಮೊದಲು, ಒಳಗಿನ ಸತ್ತ್ವ ಮಾತ್ರ ಕುಂದಿರುವ ಹಂತವನ್ನು ಕಾಣಲು ಮುಂದುವರಿದ ವಿಧಾನಗಳು ಬೇಕು. ಅವುಗಳಲ್ಲಿ ಆಸ್ಪತ್ರೆಗಳಿಗೆ ಹೆಚ್ಚು ಸಮೀಪವಾದದ್ದು ‘ಟಿ-2 ನಕ್ಷೆ’.

ಇದನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ಜಾತ್ರೆಯಲ್ಲಿ ವೀರಗಾಸೆಯ ತಂಡ ಕುಣಿಯುತ್ತಿದೆಯೆನ್ನಿ. ಎಲ್ಲರ ಹೆಜ್ಜೆಯೂ ಒಂದೇ ಲಯದಲ್ಲಿದೆ. ವಾದ್ಯ ಥಟ್ಟನೆ ನಿಂತರೂ ಸ್ವಲ್ಪ ಹೊತ್ತು ಲಯ ಉಳಿದಿರುತ್ತದೆ. ಕಿರಿದಾದ ಬೀದಿಯಲ್ಲಿ ಜನ ಒತ್ತರಿಸಿದ್ದರೆ ಒಬ್ಬರನ್ನೊಬ್ಬರು ತಾಗಿ ಲಯ ಬೇಗ ತಪ್ಪುತ್ತದೆ; ವಿಶಾಲವಾದ ಬಯಲಿನಲ್ಲಾದರೆ ಬಹಳ ಹೊತ್ತು ನಿಲ್ಲುತ್ತದೆ. ಮೃದ್ವಸ್ಥಿಯ ನೀರಿನ ಕಣಗಳ ಕಥೆಯೂ ಇದೇ. ಬಲೆ ಬಿಗಿಯಾಗಿದ್ದರೆ ಲಯ ಬೇಗ ತಪ್ಪುತ್ತದೆ; ಬಲೆ ಸಡಿಲವಾಗಿ ನೀರು ಸ್ವೇಚ್ಛೆಯಾಗಿದ್ದರೆ ತಡವಾಗಿ ತಪ್ಪುತ್ತದೆ. ಲಯ ತಪ್ಪಲು ಬೇಕಾದ ಈ ಅವಧಿಯೇ ಟಿ-2. ಮಂಡಿಯ ಮೃದ್ವಸ್ಥಿಯಲ್ಲಿ ಅದು ಸೆಕೆಂಡಿನ ಸಾವಿರದ ಕೆಲವು ಹತ್ತು ಭಾಗಗಳಷ್ಟು ಮಾತ್ರ. ಯಂತ್ರ ಇದನ್ನು ಬಿಂದುಬಿಂದುವಿಗೂ ಅಳೆದು ಬಣ್ಣ ತುಂಬುತ್ತದೆ. ಬಹಳ ಕಡೆ ಅವಧಿ ಕಡಮೆಯಿದ್ದಲ್ಲಿ ಒಂದು ಬಣ್ಣವನ್ನೂ, ಹೆಚ್ಚಿದ್ದಲ್ಲಿ ಕೆಂಪನ್ನೂ ಕೊಡುವ ರೂಢಿ. ದಪ್ಪದಲ್ಲಿ ಏನೂ ವ್ಯತ್ಯಾಸವಿಲ್ಲದ ಹೊದಿಕೆಯ ನಡುವೆ ಕೆಂಪು ಕಲೆ ಕಂಡರೆ ಅಲ್ಲಿ ನೇಯ್ಗೆ ಸಡಿಲವಾಗಿದೆಯೆಂದು ಸಂಶಯಿಸಬೇಕು.

ಆದರೆ ಕೆಂಪೆಲ್ಲವೂ ರೋಗವಲ್ಲ. ಎಳೆಗಳು ಮುಖ್ಯ ಕಾಂತಕ್ಷೇತ್ರಕ್ಕೆ ಸುಮಾರು 55 ಅಂಶ ಓರೆಯಾಗಿರುವ ಕಡೆ ಆರೋಗ್ಯವಂತ ಮೃದ್ವಸ್ಥಿಯೂ ಸುಳ್ಳು ಕೆಂಪನ್ನು ತೋರಿಸುತ್ತದೆ. ನುರಿತ ಕಣ್ಣಿಲ್ಲದೆ ಬಣ್ಣವನ್ನು ನಂಬಿದರೆ ಮೋಸಹೋಗುವುದು ಖಂಡಿತ.

ಪ್ರೋಟಿಯೋಗ್ಲೈಕಾನ್ ನಷ್ಟವನ್ನೇ ಹುಡುಕುವ ವಿಧಾನಗಳು ಬೇರೆ ಇವೆ. ಆ ಅಣುಗಳಿಗೆ ಋಣ ವಿದ್ಯುದಂಶವಿರುತ್ತದೆ. ಋಣ ವಿದ್ಯುದಂಶವುಳ್ಳ ಗ್ಯಾಡೋಲಿನಿಯಂ ಔಷಧಿಯನ್ನು ರಕ್ತಕ್ಕೆ ಚುಚ್ಚಿ, ಸ್ವಲ್ಪ ನಡೆದಾಡಿಸಿ, ಗಂಟೆ ಒಂದೂವರೆಯ ನಂತರ ಚಿತ್ರ ತೆಗೆದರೆ, ಆರೋಗ್ಯವಂತ ಭಾಗ ಔಷಧಿಯನ್ನು ದೂರ ತಳ್ಳಿರುತ್ತದೆ, ನಷ್ಟವಾದ ಭಾಗ ಒಳಗೆ ಬಿಟ್ಟುಕೊಂಡಿರುತ್ತದೆ. ಉಪಾಯ ಬಲು ಸೊಗಸಾದುದು. ಆದರೆ ಇದಕ್ಕೆ ಬಳಸುತ್ತಿದ್ದ ಬಗೆಯ ಗ್ಯಾಡೋಲಿನಿಯಂ ಔಷಧಿಯ ಶೇಷ ದೇಹದಲ್ಲಿ ಉಳಿಯುವುದೆಂಬ ಕಾರಣದಿಂದ ಅದನ್ನು ರಕ್ತನಾಳಕ್ಕೆ ಕೊಡುವುದನ್ನು ಯೂರೋಪಿನಲ್ಲಿ 2017ರಲ್ಲಿ ತಡೆಹಿಡಿದರು. ಮೂತ್ರಪಿಂಡದ ತೊಂದರೆಯುಳ್ಳವರಿಗಂತೂ ಅದು ಸಲ್ಲದು. ಚುಚ್ಚುಮದ್ದೇ ಬೇಡದ ‘ಟಿ-1 ರೋ’ ವಿಧಾನವನ್ನು ಅಮೆರಿಕದಲ್ಲಿ ಬೆಳೆಸಿದವರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರವೀಂದರ್ ರೆಡ್ಡಿ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಶರ್ಮಿಳಾ ಮಜುಂದಾರ್ ಅವರ ಹೆಸರುಗಳು ಪ್ರಮುಖವಾಗಿವೆಯೆಂಬುದು ಭಾರತೀಯರಿಗೆ ಸಂತೋಷದ ಸಂಗತಿ. ಉಪ್ಪಿನ ಅಂಶವಾದ ಸೋಡಿಯಂ ಅನ್ನೇ ಚಿತ್ರಿಸುವ ವಿಧಾನವೂ ಉಂಟು. ಅದಕ್ಕೆ ಏಳು ಟೆಸ್ಲಾದಷ್ಟು ಪ್ರಬಲ ಯಂತ್ರಗಳು ಅನುಕೂಲವಾದ್ದರಿಂದ ಅದು ಪ್ರಯೋಗಶಾಲೆಯ ಮಾತು.

ಇವೆಲ್ಲ ಬರಿಯ ಊಹೆಯಲ್ಲವೆಂದು ತೋರಿಸಲು ಅಮೆರಿಕದಲ್ಲಿ 2004ರಿಂದ ಒಂದು ದೊಡ್ಡ ಅಧ್ಯಯನ ನಡೆಯಿತು. 45ರಿಂದ 79 ವರ್ಷದೊಳಗಿನ 4,796 ಮಂದಿಯ ಮಂಡಿಗಳನ್ನು ಮೂರು ಟೆಸ್ಲಾ ಯಂತ್ರದಲ್ಲಿ ವರ್ಷವರ್ಷವೂ ಪರೀಕ್ಷಿಸುತ್ತ ಬಂದರು. ಎಕ್ಸ್-ರೇಯಲ್ಲಿ ದೋಷವಿಲ್ಲದವರಲ್ಲಿಯೂ ಯಾರ ಟಿ-2 ಮೊದಲೇ ಏರಿತ್ತೋ ಅವರಲ್ಲಿ ಮುಂದೆ ಸವೆತ ತೋರುವ ಸಂಭವ ಹೆಚ್ಚೆಂಬುದು ಆ ಸಂಗ್ರಹದಿಂದ ತಿಳಿದುಬಂದಿತು. ನಮ್ಮ ದೇಶದಲ್ಲಿ ರೋಗದ ವ್ಯಾಪ್ತಿ ಕಡಮೆಯೇನಲ್ಲ. ಬೆಂಗಳೂರೂ ಸೇರಿದಂತೆ ಐದು ಕಡೆ ಐದು ಸಾವಿರ ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿ, ನಡುಹರೆಯ ದಾಟಿದವರಲ್ಲಿ ಶೇಕಡಾ 28.7 ಮಂದಿಗೆ ಮಂಡಿಸವೆತವಿದೆಯೆಂದಿತು.

ಮರಳಿ ಅತ್ತಿಗೆಯವರ ವಿಷಯಕ್ಕೆ ಬರೋಣ. ಮೈಸೂರಿನ ಮೂಳೆವೈದ್ಯರೊಬ್ಬರು ಅವರ ಮಾತನ್ನು ಪೂರ್ತಿಯಾಗಿ ಕೇಳಿದರು. ಸಿನಿಮಾ ನೋಡಲು ಬಹಳ ಹೊತ್ತು ಕುಳಿತರೆ ನೋವೇ, ಮೆಟ್ಟಿಲು ಇಳಿದರೆ ನೋವೇ, ಎದ್ದಾಗ ಮಂಡಿ ಕಟಕಟ ಎನ್ನುವುದೇ ಎಂದು ವಿಚಾರಿಸಿದರು. ಆಮೇಲೆ ಎಂ.ಆರ್.ಐ. ಬರೆದುಕೊಟ್ಟರು, ಟಿ-2 ನಕ್ಷೆಯ ಸೌಲಭ್ಯವಿರುವ ಕಡೆ ಅದನ್ನೂ ಸೇರಿಸುವಂತೆ ಸೂಚಿಸಿದರು. ಎಲ್ಲ ಯಂತ್ರಗಳಲ್ಲಿಯೂ ಈ ಸೌಲಭ್ಯವಿರುವುದಿಲ್ಲ, ಮೊದಲೇ ವಿಚಾರಿಸಬೇಕು.

ಪರೀಕ್ಷೆಗೆ ಹೋಗುವ ನಮ್ಮ ಮನೆಗಳವರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಸ್ವಾನುಭವದಿಂದ ಹೇಳುತ್ತೇವೆ. ಆ ಕೊಠಡಿಯೊಳಕ್ಕೆ ಲೋಹ ಹೋಗಕೂಡದು. ಕಾಲುಂಗುರ, ಕಾಲ್ಗೆಜ್ಜೆ, ಬಳೆ, ಓಲೆ, ಸರ ಎಲ್ಲವನ್ನೂ ತೆಗೆಯಬೇಕು. ವರ್ಷಗಳಿಂದ ತೆಗೆಯದೆ ಬೆರಳಿಗೆ ಕಚ್ಚಿಕೊಂಡ ಕಾಲುಂಗುರವಿದ್ದರೆ ಮನೆಯಲ್ಲಿಯೇ ಎಣ್ಣೆ ಸವರಿ ತೆಗೆದುಕೊಂಡು ಹೋಗುವುದು ಲೇಸು. ಮುಖ್ಯವಾದದ್ದು ಕರಡಿಗೆ. ಇಷ್ಟಲಿಂಗವನ್ನು ಅಂಗದಿಂದ ಅಗಲಿಸಬಾರದೆಂಬ ನಿಷ್ಠೆಯುಳ್ಳ ಹಿರಿಯರು ಅಲ್ಲಿಯ ಬಾಗಿಲಲ್ಲಿ ನಿಂತು ಕಳವಳಪಡುವುದನ್ನು ನಾವೇ ಕಂಡೆವು. ಕರಡಿಗೆ ಬೆಳ್ಳಿಯದೇ ಆದರೂ ಅದರ ಕೊಂಡಿ, ತಿರುಪು ಯಾವ ಲೋಹದ್ದೋ ಯಾರು ಬಲ್ಲರು? ಆದ್ದರಿಂದ ಸಮಯ ನಿಗದಿ ಮಾಡುವ ದಿನವೇ ಈ ವಿಷಯವನ್ನು ತಿಳಿಸಿ, ತಂತ್ರಜ್ಞರ ಅಪ್ಪಣೆಯಂತೆ ನಡೆಯಬೇಕು. ಅತ್ತಿಗೆಯವರು ಕರಡಿಗೆಯನ್ನು ಶುಭ್ರವಾದ ವಸ್ತ್ರದಲ್ಲಿರಿಸಿ ಅಣ್ಣನವರ ಕೈಗೆ ಕೊಟ್ಟರು. ಅರ್ಧ ಗಂಟೆಯ ಮೇಲೆ ಅವರು ಹೊರಗೆ ಬರುವವರೆಗೆ ಅಣ್ಣನವರು ಅದನ್ನು ಎದೆಗೊತ್ತಿಕೊಂಡು ಕುಳಿತಿದ್ದರು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು, ದೇಹದೊಳಗೆ ಲೋಹದ ಕ್ಲಿಪ್ಪು, ಚೂರು ಇರುವವರು ಅದನ್ನು ಮರೆಯದೆ ಹೇಳಬೇಕು. ಮರೆತರೆ ಜೀವಕ್ಕೇ ಅಪಾಯ. ಮಂಡಿಯ ಪರೀಕ್ಷೆಯಾದ್ದರಿಂದ ಕಾಲು ಮೊದಲಾಗಿ ಒಳಗೆ ಹೋಗುತ್ತದೆ, ತಲೆ ಬಹುಮಟ್ಟಿಗೆ ಹೊರಗೇ ಉಳಿಯುವುದರಿಂದ ಹೆದರಿಕೆ ಕಡಮೆ. ಸದ್ದು ಮಾತ್ರ ವಿಪರೀತ, ಕಿವಿಗೆ ಮುಚ್ಚಳ ಕೊಡುತ್ತಾರೆ.

ಫಲಿತಾಂಶ ಬಂದಿತು. ಹೊದಿಕೆಯ ದಪ್ಪ ಸರಿಯಾಗಿತ್ತು, ಮೆತ್ತೆಗಳು ಹರಿದಿರಲಿಲ್ಲ. ಬಲ ಮಂಡಿಚಿಪ್ಪಿನ ಹಿಂಬದಿಯ ಮೃದ್ವಸ್ಥಿಯಲ್ಲಿ ಮಾತ್ರ ಕಡಲೆಬೇಳೆಯಷ್ಟಗಲದ ಕೆಂಪು. ಅತ್ತಿಗೆಯವರು ಆ ಹಾಳೆಯನ್ನು ನೋಡಿ ಅತ್ತುಬಿಟ್ಟರು. ರೋಗವಿದೆಯೆಂಬ ದುಃಖದಿಂದಲ್ಲ, ತಾವು ಸುಳ್ಳು ಹೇಳುತ್ತಿರಲಿಲ್ಲವೆಂದು ಯಂತ್ರವಾದರೂ ಹೇಳಿತಲ್ಲ ಎಂಬ ನೆಮ್ಮದಿಯಿಂದ. ಈ ಮಾತನ್ನು ಅವರೇ ನಮಗೆ ಹೇಳಿದಾಗ ನಾವು ತಲೆ ತಗ್ಗಿಸಿದೆವು.

ಇಷ್ಟನ್ನು ಓದಿ ಮಂಡಿನೋವುಳ್ಳ ಬಂಧುಗಳೆಲ್ಲ ನಾಳೆಯೇ ಎಂ.ಆರ್.ಐ.ಗೆ ಧಾವಿಸಬೇಕೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ತಪ್ಪಾದೀತು. ನಲವತ್ತೈದು ದಾಟಿದವರಲ್ಲಿ ಲಕ್ಷಣಗಳಿಂದಲೇ ವೈದ್ಯರು ಮಂಡಿಸವೆತವನ್ನು ಗುರುತಿಸಬಲ್ಲರು. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಅಮೆರಿಕದ ಫ್ರಾಮಿಂಗ್‌ಹ್ಯಾಂ ಎಂಬ ಪಟ್ಟಣದಲ್ಲಿ, ಎಕ್ಸ್-ರೇಯಲ್ಲಿ ಸವೆತ ಕಾಣದ, ಐವತ್ತು ದಾಟಿದ 710 ಮಂದಿಗೆ ಎಂ.ಆರ್.ಐ. ಮಾಡಿ 2012ರಲ್ಲಿ ವರದಿ ಪ್ರಕಟಿಸಿದರು. ಶೇಕಡಾ 89 ಮಂದಿಯಲ್ಲಿ ಏನಾದರೊಂದು ನ್ಯೂನತೆ ಕಂಡಿತು. ಶೇಕಡಾ 69 ಮಂದಿಯಲ್ಲಿ ಮೃದ್ವಸ್ಥಿಯ ಹಾನಿಯೇ ಇತ್ತು. ನೋವಿದ್ದವರಲ್ಲಿಯೂ ನೋವಿಲ್ಲದವರಲ್ಲಿಯೂ ಹೆಚ್ಚು ವ್ಯತ್ಯಾಸವಿರಲಿಲ್ಲ! ಹುಡುಕಿದರೆ ವಯಸ್ಸಾದವರ ಮಂಡಿಯಲ್ಲಿ ಏನಾದರೂ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದೆಲ್ಲ ನೋವಿನ ಕಾರಣವಾಗಬೇಕಿಲ್ಲ.

ನಮ್ಮ ಮನೆಯಲ್ಲಿಯೇ ಇದಕ್ಕೆ ನಿದರ್ಶನ ದೊರೆಯಿತು. ಮರುವರ್ಷ ತಾಯಿಯವರು ಹಿತ್ತಲಿನಲ್ಲಿ ಜಾರಿಬಿದ್ದರೆಂದು ಎಕ್ಸ್-ರೇ ತೆಗೆಸಿದಾಗ ಮೂಳೆ ಮುರಿದಿರಲಿಲ್ಲ, ಆದರೆ ಎರಡೂ ಮಂಡಿಗಳಲ್ಲಿ ಮೂರನೆಯ ದರ್ಜೆಯ ಸವೆತ! ಬೆಟ್ಟ ಹತ್ತಿ ಇಳಿದವರ ಮಂಡಿ ಚಿತ್ರದಲ್ಲಿ ಕೆಟ್ಟದ್ದು. ಗೋಡೆ ಹಿಡಿದು ಇಳಿದವರ ಮಂಡಿ ಚಿತ್ರದಲ್ಲಿ ಚೆನ್ನಾದದ್ದು. ತಾಯಿಯವರು ಬಹಳ ಹೊತ್ತು ಮಾತಾಡಲಿಲ್ಲ.

ಟಿ-2 ನಕ್ಷೆಗೆ ನಿಜವಾದ ಉಪಯೋಗವಿರುವುದು ಬಹುಮಟ್ಟಿಗೆ ಸಂಶೋಧನೆಯಲ್ಲಿ. ಕ್ರೀಡಾಳುಗಳ ಗಾಯ, ಮೃದ್ವಸ್ಥಿಯ ಶಸ್ತ್ರಚಿಕಿತ್ಸೆಯ ನಂತರದ ಪರಿಶೀಲನೆ, ಕಿರಿಯ ವಯಸ್ಸಿನಲ್ಲಿ ಕಾರಣ ತಿಳಿಯದ ನೋವು, ಇಂಥ ಕೆಲವು ಸಂದರ್ಭಗಳಲ್ಲಿ ವೈದ್ಯರಿಗೂ ನೆರವಾಗುತ್ತದೆ. ಹೊಸ ಔಷಧಿ ಗುಣ ಮಾಡುತ್ತದೆಯೇ ಇಲ್ಲವೇ ಎಂದು ತಿಳಿಯಲು ಹತ್ತು ವರ್ಷ ಕಾಯುವ ಬದಲು ಎಂ.ಆರ್.ಐ.ಯಿಂದ ಒಂದೆರಡು ವರ್ಷದಲ್ಲಿ ತಿಳಿಯಬಹುದೆಂಬುದೇ ದೊಡ್ಡ ಲಾಭ. ಮಂಡಿಗೆ ಮೂರು ತಿಂಗಳಿಗೊಮ್ಮೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವ ರೂಢಿಯನ್ನು ಹೀಗೆಯೇ ಪರೀಕ್ಷಿಸಿದರು. 140 ರೋಗಿಗಳಲ್ಲಿ ಎರಡು ವರ್ಷ ನಡೆದು 2017ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ಉಪ್ಪುನೀರನ್ನು ಚುಚ್ಚಿಸಿಕೊಂಡವರಿಗಿಂತ ಸ್ಟೀರಾಯ್ಡ್ ಚುಚ್ಚಿಸಿಕೊಂಡವರ ಮೃದ್ವಸ್ಥಿ ಹೆಚ್ಚು ನಷ್ಟವಾಗಿತ್ತು, ನೋವಿನಲ್ಲಿ ಮಾತ್ರ ಭೇದವಿರಲಿಲ್ಲ. ತಮ್ಮದೇ ರಕ್ತದಿಂದ ತೆಗೆದ ಪಿ.ಆರ್.ಪಿ. ದ್ರವದ ಚುಚ್ಚುಮದ್ದನ್ನೂ 288 ಜನರಲ್ಲಿ ಪರೀಕ್ಷಿಸಿ, ಉಪ್ಪುನೀರಿಗಿಂತ ಮೇಲಲ್ಲವೆಂದು 2021ರಲ್ಲಿ ಪ್ರಕಟಿಸಿದರು. ನಮ್ಮ ಪರಿಚಿತರೊಬ್ಬರು ಬಣ್ಣದ ಚಿತ್ರವನ್ನು ಕಂಡು ಬೆದರಿ, ಮೃದ್ವಸ್ಥಿಯನ್ನು ಮರಳಿ ಬೆಳೆಸುತ್ತೇವೆಂದ ಕಡೆ ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ದೊಡ್ಡ ಪಾಲನ್ನು ಸುರಿದರು. ಸವೆದ ಮೃದ್ವಸ್ಥಿಯನ್ನು ಮೊದಲಿನಂತೆ ಮಾಡುವ ಔಷಧಿ ಈವರೆಗೆ ಸಿದ್ಧವಾಗಿಲ್ಲ. ಈ ಮಾತನ್ನು ಅವರಿಗೆ ಮೊದಲೇ ಯಾರಾದರೂ ಹೇಳಬೇಕಾಗಿತ್ತು.

ಹಾಗಾದರೆ ಅತ್ತಿಗೆಯವರಿಗೆ ಕೊಟ್ಟ ಚಿಕಿತ್ಸೆಯೇನು? ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ. ಕುರ್ಚಿಯ ಮೇಲೆ ಕುಳಿತು ಕಾಲನ್ನು ನೇರವಾಗಿ ಚಾಚಿ ಹತ್ತು ಎಣಿಸುವವರೆಗೆ ಹಿಡಿಯುವುದು, ಗೋಡೆಗೆ ಬೆನ್ನೊರಗಿಸಿ ಸ್ವಲ್ಪವೇ ಕುಸಿದು ನಿಲ್ಲುವುದು, ಹೀಗೆ ಐದಾರು ಬಗೆ. ದಿನಕ್ಕೆ ಎರಡು ಸಲ. ಸಮನಾದ ನೆಲದ ಮೇಲೆ ನಡಿಗೆ. ಕುಕ್ಕರಗಾಲಿನಲ್ಲಿ ಕುಳಿತು ಪಾತ್ರೆ ತಿಕ್ಕುವುದು, ನೆಲ ಸಾರಿಸುವುದು ಬೇಡ. ಆರು ಕಿಲೋ ತೂಕ ಇಳಿಸಬೇಕು. ಒಂದು ಕಿಲೋ ಇಳಿದರೆ ಹೆಜ್ಜೆಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಯೆಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಸುಮಾರು ಐದು ಕಿಲೋ ತೂಕ ಕಳೆದುಕೊಂಡ ಸ್ತ್ರೀಯರಲ್ಲಿ ಮುಂದೆ ನೋವಿನ ಮಂಡಿಸವೆತ ಬರುವ ಸಂಭವ ಅರ್ಧಕ್ಕೂ ಹೆಚ್ಚು ಇಳಿಯಿತೆಂದು ಮೇಲೆ ಹೇಳಿದ ಫ್ರಾಮಿಂಗ್‌ಹ್ಯಾಂ ಪಟ್ಟಣದಿಂದಲೇ 1992ರಲ್ಲಿ ವರದಿಯಾಗಿತ್ತು.

“ಈ ವ್ಯಾಯಾಮವನ್ನು ಎಂ.ಆರ್.ಐ. ಇಲ್ಲದೆಯೂ ಹೇಳಿಕೊಡಬಹುದಾಗಿತ್ತಲ್ಲವೇ?” ಎಂದು ನಾವು ಅಂಗಮರ್ದನ ತಜ್ಞರನ್ನು ಕೇಳಿದೆವು. “ಹೌದು, ಇದನ್ನೇ ಹೇಳಿಕೊಡುತ್ತಿದ್ದೆ” ಎಂದರು ಆಕೆ. “ಆದರೆ ಮನೆಯಲ್ಲಿ ಮಾಡಲು ಬಿಡುತ್ತಿದ್ದರೇ?” ಎಂದು ನಮ್ಮನ್ನೇ ಮರುಪ್ರಶ್ನಿಸಿದರು. ಸಾವಿರಾರು ರೂಪಾಯಿಯ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗಲಿಲ್ಲ. ಬದಲಾದದ್ದು ಮನೆ. ಪಾತ್ರೆ ತಿಕ್ಕುವ ಜಾಗ ನೆಲದಿಂದ ಎದ್ದು ಕಟ್ಟೆಯಾಯಿತು. ಬೆಳಗಿನ ಇಪ್ಪತ್ತು ನಿಮಿಷ ಅತ್ತಿಗೆಯವರದೇ ಆಯಿತು. ಪರೀಕ್ಷೆಯ ದರ ಮುಂದೆ ಇಳಿದೀತೆಂಬ ಆಸೆಯೂ ಇದೆ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಸಂಸ್ಥೆ ನಿರ್ಮಿಸಿದ ಒಂದೂವರೆ ಟೆಸ್ಲಾ ಬಲದ ಸ್ವದೇಶೀ ಎಂ.ಆರ್.ಐ. ಯಂತ್ರ 2023ರಲ್ಲಿ ಲೋಕಾರ್ಪಣೆಗೊಂಡಿದೆ. ಆದರೂ ಒಬ್ಬ ಹೆಣ್ಣುಮಗಳ ಮಾತನ್ನು ನಂಬಲು ಒಂದು ಮನೆಗೆ ಮೂರು ಟನ್ನಿನ ಅಯಸ್ಕಾಂತ ಬೇಕಾಯಿತಲ್ಲ ಎಂಬ ನಾಚಿಕೆ ನಮ್ಮನ್ನು ಬಿಟ್ಟಿಲ್ಲ.

ಕಳೆದ ಕಾರ್ತಿಕದಲ್ಲಿ ಮತ್ತೆ ಮೇಲುಕೋಟೆಗೆ ಹೋಗಿದ್ದೆವು. ಅತ್ತಿಗೆಯವರು ಬೆಟ್ಟವನ್ನು ಏರಿದರು. ಇಳಿಯುವಾಗ ನಡುವೆ ಎರಡು ಕಡೆ ಕುಳಿತರು, ಗೋಡೆಯನ್ನು ಹಿಡಿಯಲಿಲ್ಲ. ನೋವು ಪೂರ್ತಿ ಹೋಗಿಲ್ಲ. ಮಳೆಗಾಲದಲ್ಲಿ ಇರುತ್ತದೆ ಎನ್ನುತ್ತಾರೆ. ತಾಯಿಯವರು ಈ ಸಲ ಹತ್ತಲಿಲ್ಲ, ಕಲ್ಯಾಣಿಯ ಮಂಟಪದಲ್ಲಿ ಕುಳಿತಿದ್ದರು. ಆ ಬಣ್ಣದ ಹಾಳೆ ಈಗ ಅವರ ಬೀರುವಿನಲ್ಲಿದೆ. ಬಂಧುಗಳು ಬಂದಾಗ ಹೊರತೆಗೆದು, “ಇಲ್ಲಿ ಕೆಂಪಗಿದೆ ನೋಡಿ, ಇದೇ ನನ್ನ ಸೊಸೆಯ ನೋವು” ಎಂದು ಬೆರಳಿಟ್ಟು ತೋರಿಸುತ್ತಾರೆ.